ಅಜ್ಜಿಯ ಸಮಕ್ಷಮ

ಗೇಟಿನ ಚಿಲಕ ತೆಗೆಯುವಾಗಲೂ ಶೀತಲ್ ಮಗಳ ಕೈ ಬಿಡಲಿಲ್ಲ. ಕಲ್ಯಾಣ ನಗರದ ಆ ಮನೆಯ ಹಾಲ್‌ನಲ್ಲಿ ಅತ್ತೆ ಜಯದೇವಿಯ ದೇಹವನ್ನು, ಲಿಂಗಾಯತರ ಪದ್ಧತಿಯಂತೆ, ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಅಂಗೈಯಲ್ಲಿ ಲಿಂಗ. ಬದುಕಿದ್ದಾಗಲೂ ಮುದುಕಿ ಹೀಗೇ ನೆಟ್ಟಗೆ ಕೂರುತ್ತಿದ್ದಳು, ಯಾರಿಗೂ ಜಗ್ಗದೆ.

"ಬಂದ್ಲು ನೋಡ್ರಿ," ಎಂದರು ಜಯದೇವಿಯ ಅಣ್ಣ ಬಸವಪ್ರಭು, ಎಲ್ಲರಿಗೂ ಕೇಳಲೆಂದೇ. "ಹೆತ್ತ ಮಗನ್ನ ಬಿಟ್ಟು ಇವಳ ಕಡೆ ಸಾಕ್ಷಿ ಹೇಳಿದ್ಲಲ್ಲ ನನ್ನ ತಂಗಿ! ಏನ್ ಮೋಡಿ ಮಾಡಿದ್ಲೋ ಇವ್ಳು."

ಶೀತಲ್ ಮಗಳನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಅವಳ ಜೀವವೆಲ್ಲ ಇದ್ದದ್ದು ಆರು ವರ್ಷದ ವೈಷ್ಣವಿಯ ಮೇಲೆ. ಇವತ್ತು ಭಾನುವಾರ, ಅಪ್ಪನ ಸರದಿ. ಎರಡು ವಾರಕ್ಕೊಮ್ಮೆ ಸಿದ್ಧಲಿಂಗೇಶ ಮಗಳನ್ನು ನೋಡಬಹುದು, ಆದರೆ ಅಜ್ಜಿಯ ಸಮಕ್ಷಮದಲ್ಲಿ ಮಾತ್ರ ಎಂದಿತ್ತು ಕೋರ್ಟು. ಅಜ್ಜಿಯೇ ಹೋದ ಮೇಲೆ? ಬೆಳಿಗ್ಗೆ ಲಾಯರ್ ಶೀಬಾಗೆ ಫೋನು ಮಾಡಿ ಕೇಳಿದ್ದಳು.

"ಹೋಗಿ ಬನ್ನಿ. ಆದ್ರೆ ಮಗು ಕೈ ಬಿಡ್ಬೇಡಿ. ನಾಳೆ ಅರ್ಜಿ ಹಾಕೋಣ," ಎಂದಿದ್ದಳು ಶೀಬಾ.

*

ಆ ಶೀಬಾಳನ್ನು ಹುಡುಕಿದ್ದೇ ಜಯದೇವಿ. ಮಗ ಕದ್ದುಮುಚ್ಚಿ ಹುಬ್ಬಳ್ಳಿಯಲ್ಲಿ ಮೊದಲೇ ಒಬ್ಬಳನ್ನು ಮದುವೆಯಾಗಿದ್ದ, ಅವಳಿನ್ನೂ ಅವನ ಹೆಂಡತಿಯೇ ಎಂದು ಗೊತ್ತಾದ ವಾರವೇ ಸೊಸೆಯನ್ನು ಆಟೋ ಹತ್ತಿಸಿಕೊಂಡು ಶಿವಾಜಿನಗರಕ್ಕೆ ಹೋದಳು.

"ಮದುವೆ ರದ್ದು ಮಾಡಿಸ್ಬೇಕು ಕಣಮ್ಮ."

"ನೀವು ಹುಡುಗಿ ಕಡೆಯವರಾ?"

"ಹುಡುಗನ ತಾಯಿ."

ಶೀಬಾ ಪೆನ್ನು ಕೆಳಗಿಟ್ಟಳು. ಮೊದಲ ಹೆಂಡತಿ ಇರುವಾಗ ಆದದ್ದು ಮದುವೆಯೇ ಅಲ್ಲ, ಆದರೆ ಕೇಸು ಹಾಕಬೇಕಾದವಳು ಸೊಸೆ, ಮಗುವಿನ ಹಕ್ಕಿಗೇನೂ ಕುಂದಿಲ್ಲ ಎಂದಳು. ಜಯದೇವಿ ಅತ್ತಳು. "ಹೊಟ್ಟೆ ಉರಿಯುತ್ತಮ್ಮ. ಅವನನ್ನ ಬಿಟ್ಟೂ ಇರಲಾರೆ, ಈ ಹುಡುಗಿಗೆ ಆದ ಮೋಸ ನೋಡ್ಕೊಂಡೂ ಇರಲಾರೆ."

ಕೇಸು ನಡೆಯುವಾಗ ಸಿದ್ಧಲಿಂಗೇಶ ಐಸ್‌ಕ್ರೀಮ್ ಕೊಡಿಸ್ತೀನೆಂದು ಮಗುವನ್ನು ಒಯ್ದವನು ವಾರಗಟ್ಟಲೆ ದಾವಣಗೆರೆಯಲ್ಲಿ ಬಚ್ಚಿಟ್ಟ. ಹೋಗಿ ಕರೆತಂದವಳೂ ಜಯದೇವಿಯೇ. ಜಡ್ಜು ಆ ಷರತ್ತು ಹಾಕಿದ್ದು ಅದಕ್ಕೇ.

*

ಸಿದ್ಧಲಿಂಗೇಶ ಎದುರು ಬಂದು ನಿಂತ. ಅತ್ತು ಅತ್ತು ಕಣ್ಣು ಊದಿದ್ದವು.

"ಶೀತಲ್, ಇವತ್ತು ನನ್ನ ಭಾನುವಾರ."

"ಅತ್ತೆ ಇಲ್ವಲ್ರೀ."

"ಅಮ್ಮ ಇಲ್ಲೇ ಕೂತಿದಾಳಲ್ಲ. ಅವಳನ್ನ ಎತ್ತೋವರೆಗಾದ್ರೂ ಮಗೂನ ಕೊಡು."

ಶೀಬಾ ಹೇಳಿದ್ದನ್ನು ಶೀತಲ್ ಮರೆತಿರಲಿಲ್ಲ. ಆದರೂ ಅತ್ತೆಯ ಮುಖ ನೋಡಿ ಬೆರಳು ಸಡಿಲಿಸಿದಳು. ಹೋಗಿ ಬಾಗಿಲು ಕಾಯುವವಳಂತೆ ಹೊಸ್ತಿಲ ಪಕ್ಕ ಕೂತಳು.

ಅವನು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತಾಯಿಯ ಎದುರು ಕೂತ. ವೈಷ್ಣವಿ ಅವನ ಅಂಗಿಯ ಗುಂಡಿ ತಿರುಗಿಸುತ್ತಿದ್ದಳು.

"ಹೊತ್ತಾಯ್ತು, ಎಬ್ಬಿಸ್ರಪ್ಪಾ," ಎಂದರು ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು. ನಾಲ್ಕು ಜನ ಜಯದೇವಿಯನ್ನು ಎತ್ತಿಕೊಂಡು ಅಂಗಳದಲ್ಲಿದ್ದ, ಶವ ಕೂರಿಸಿ ಒಯ್ಯುವ ಹೂವಿನ ವಿಮಾನದತ್ತ ನಡೆದರು. ಸಿದ್ಧಲಿಂಗೇಶ ಮಗಳನ್ನು ಇನ್ನೂ ಬಿಗಿಯಾಗಿ ಅವಚಿಕೊಂಡ.

"ಮಗು ನನ್ನ ಜೊತೆ ವ್ಯಾನಲ್ಲೇ ರುದ್ರಭೂಮಿಗೆ ಬರ್ಲಿ."

ಶೀತಲ್ ದಡಕ್ಕನೆ ಎದ್ದಳು. ಅಷ್ಟರಲ್ಲಿ ವೈಷ್ಣವಿ ತಾನೇ ಕೊಸರಿಕೊಂಡು ಇಳಿದು ಲಂಗ ಕೊಡವಿಕೊಂಡಳು.

"ಎಲ್ಲಿಗೆ ಪುಟ್ಟಿ?"

"ಅಜ್ಜಿ ಎದ್ಲಲ್ಲಪ್ಪಾ. ಅಜ್ಜಿ ಎದ್ಮೇಲೆ ನಾನು ಮನೆಗೆ ಹೋಗೋದಲ್ವಾ ಯಾವಾಗ್ಲೂ?"

ಅವನ ಕೆನ್ನೆಗೊಂದು ಮುತ್ತು ಕೊಟ್ಟು ಅಮ್ಮನ ಕಡೆ ಓಡಿದಳು.

ಹೊರಗೆ ಬಸವಪ್ರಭು, "ಹೆಗಲು ಕೊಡೋಕೆ ಮಗ ಎಲ್ಲಿ? ಮಗನ್ನ ಕರೀರಿ," ಎಂದು ಕೂಗುತ್ತಿದ್ದರು. ಸಿದ್ಧಲಿಂಗೇಶ ಖಾಲಿ ತೊಡೆಯ ಮೇಲೆ ಎರಡೂ ಕೈಯಿಟ್ಟುಕೊಂಡು, ಖಾಲಿ ಗೋಡೆಯ ಎದುರು ಕೂತೇ ಇದ್ದ.