ಎಂಟು ವರ್ಷದ ಹೊಸ ಟಯರು

ನಮ್ಮ ಕಡೆ ಈಗ ದೊಡ್ಡ ಕಾರುಗಳಿಗೆ ಕಡಿಮೆಯಿಲ್ಲ. ಕಡಬದ ಪೇಟೆಯಲ್ಲಿ ಹತ್ತು ನಿಮಿಷ ನಿಂತರೆ ಮೂರಾದರೂ ಹಾದುಹೋಗುತ್ತವೆ. ಕೊಳ್ಳುವಾಗ ಎಂಜಿನ್ನಿನ ಶಕ್ತಿ ಎಷ್ಟು, ಸೀಟಿನ ಚರ್ಮ ಎಂಥದ್ದು ಎಂದೆಲ್ಲ ವಿಚಾರಿಸುತ್ತೇವೆ. ಟಯರು ಸವೆದಾಗ ಮಾತ್ರ "ಯಾವುದಾದರೂ ಒಂದು ಹಾಕಿ" ಎನ್ನುತ್ತೇವೆ. ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಯಾಕೆಂದು ಹೇಳುತ್ತೇನೆ.

ನನ್ನ ತಂಗಿ ತಿಮ್ಮಕ್ಕನ ಮನೆ ಪಂಜದಲ್ಲಿ. ಅವಳ ಮಗ ಉದಯ ರಬ್ಬರ್ ಬೆಳೆಗಾರ. ಕಳೆದ ವರ್ಷ ಅವನು ಒಂದು ದೊಡ್ಡ ವಿದೇಶಿ ಕಾರನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡ. ಎರಡೂವರೆ ಟನ್ ತೂಕದ ಗಾಡಿ. ಆಕ್ಸಿಲರೇಟರ್ ತುಳಿದರೆ ಕುಳಿತವರ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತದೆ. ಈ ಮಳೆಗಾಲ ಮುಗಿಯುವಷ್ಟರಲ್ಲಿ ಅದರ ನಾಲ್ಕೂ ಟಯರು ನುಣ್ಣಗಾಗಿದ್ದವು. ಉದಯನ ಹೆಂಡತಿ ಸುರಕ್ಷಾ ಏಳು ತಿಂಗಳ ಗರ್ಭಿಣಿ. ಗುರುವಾರ ಸೀಮಂತ ಮುಗಿಸಿ ಭಾನುವಾರ ಅವಳನ್ನು ಮಡಿಕೇರಿಯ ತವರಿಗೆ ಬಿಡಬೇಕು. ದಾರಿ ಸಂಪಾಜೆ ಘಾಟಿಯದು. ಹಾಗಾಗಿ ಉದಯ ಪುತ್ತೂರಿನ ಒಂದು ಅಂಗಡಿಗೆ ಹೋಗಿ ನಾಲ್ಕು ಟಯರು ಹಾಕಿಸಿಕೊಂಡು ಬಂದ.

ಪೂಜೆ ಮಾಡಿಕೊಡಲು ನನ್ನನ್ನು ಕರೆದರು. ಹೋದೆ. ಕಾರಿಗೆ ಕುಂಕುಮ ಹಚ್ಚಿ, ಆರತಿ ಎತ್ತಿ, ಮುಂದಿನ ಚಕ್ರದಡಿ ನಿಂಬೆಹಣ್ಣು ಇಡಲು ಕುಕ್ಕರಗಾಲಿನಲ್ಲಿ ಕುಳಿತೆ. ಕಣ್ಣೆದುರಿಗೇ ಟಯರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಕಂಡವು: 3117. ನಿಂಬೆಹಣ್ಣನ್ನು ಬಟ್ಟಲಿಗೇ ಹಾಕಿ ಎದ್ದೆ.

"ಈ ಟಯರಿಗೆ ನಾನು ಪೂಜೆ ಮಾಡುದಿಲ್ಲ" ಎಂದೆ.

ಆ ಅಂಕಿಗಳ ಅರ್ಥವನ್ನೂ ಹೇಳಿದೆ. ಮೊದಲಿನ ಎರಡು ಅಂಕಿ ವಾರದ್ದು, ಕೊನೆಯ ಎರಡು ವರ್ಷದ್ದು. ಎರಡು ಸಾವಿರದ ಹದಿನೇಳರ ಮೂವತ್ತೊಂದನೆಯ ವಾರ ತಯಾರಾದದ್ದು. ಎಂದರೆ ಎಂಟು ವರ್ಷ ಹಳೆಯದು. ಉದಯ ನಕ್ಕ. ಅದು ಅವನಿಗೆ ಗೊತ್ತಿತ್ತಂತೆ. ಗೋಡೌನಿನಲ್ಲಿ ಬಾಕಿ ಉಳಿದ ಮಾಲು, ಅದಕ್ಕೇ ಅರ್ಧ ಬೆಲೆ ಎಂದು ಅಂಗಡಿಯವನೇ ಹೇಳಿದ್ದನಂತೆ.

"ಮಾವ, ರಬ್ಬರಿನ ವಿಷಯ ನನಗೆ ಹೇಳುದಾ? ರೇಟ್ ಏರುವವರೆಗೆ ನಾವು ಶೀಟ್ ವರ್ಷಗಟ್ಟಲೆ ಕಟ್ಟಿಡುದಿಲ್ವಾ? ಉಗುರು ಒತ್ತಿ ನೋಡಿದ್ದೇನೆ, ಮೂಸಿ ನೋಡಿದ್ದೇನೆ. ಒಂದು ಕಿಲೋಮೀಟರ್ ಓಡದ ಮಾಲು ಇದು."

ರಬ್ಬರ್ ಹಾಲನ್ನು ಹಾಳೆ ಮಾಡಿ ಹೊಗೆಗೂಡಿನಲ್ಲಿ ಒಣಗಿಸಿದ ಶೀಟನ್ನು ಬೆಳಕಿಗೆ ಹಿಡಿದು ದರ್ಜೆ ಹೇಳುವ ಕೈ ಅದು. ಅದೇ ಕೈ ಟಯರನ್ನೂ ಹಾಗೆಯೇ ಪರೀಕ್ಷಿಸಿ ಬಂದಿತ್ತು. ರಬ್ಬರ್ ಬೆಳೆಯುವವನಿಗೆ ಟಯರೂ ಗೊತ್ತೆಂಬ ಈ ಜಂಬ ನಮ್ಮ ಊರಿನ ಅರ್ಧ ಜನರಿಗಿದೆ. ನನಗೂ ಇತ್ತು.

ತಿಮ್ಮಕ್ಕನಿಗೆ ಪೂಜೆ ಅರ್ಧಕ್ಕೆ ನಿಂತದ್ದೇ ದೊಡ್ಡ ಸಂಕಟ. "ಅಣ್ಣ, ಒಳ್ಳೆ ಕೆಲಸದಲ್ಲಿ ಅಪಶಕುನ ಬೇಡ. ತೃಪ್ತಿಗೆ ಆದದ್ದು ದೇವರ ಇಚ್ಛೆ. ಅದನ್ನು ಎಲ್ಲರ ಕಾರಿನಲ್ಲಿ ಹುಡುಕುದು ಎಂತಕ್ಕೆ?"

ತೃಪ್ತಿ ನನ್ನ ಮಗಳು. ಹೋದ ಮಾಘದಲ್ಲಿ ಸುಳ್ಯದಿಂದ ಬರುವಾಗ ಟಯರು ಒಡೆದು ಅವಳ ಕಾರು ಮರಕ್ಕೆ ಬಡಿಯಿತು. ಉತ್ತರಕ್ರಿಯೆಯ ಮರುದಿನ ನಾನು ಠಾಣೆಯ ಅಂಗಳಕ್ಕೆ ಹೋಗಿ ಆ ಟಯರನ್ನು ನೋಡಿದೆ. ಒಂಬತ್ತು ವರ್ಷದ್ದು. ಗೆರೆಗಳು ಸವೆಯದೆ ಇನ್ನೂ ಆಳವಾಗಿಯೇ ಇದ್ದವು. ಬದಲಿಸಬೇಕೆಂದು ಅವಳು ಕೇಳಿದ್ದಳು. "ಗೆರೆ ಉಂಟಲ್ಲ, ಸುಮ್ಮನೆ ಖರ್ಚು ಎಂತಕ್ಕೆ" ಎಂದವನು ನಾನು.

"ದೇವರ ಹೆಸರು ಎತ್ತಬೇಡ ತಿಮ್ಮಕ್ಕ" ಎಂದೆ. "ದಿನಕ್ಕೆ ಎರಡು ಹೊತ್ತು ಅವನಿಗೆ ದೀಪ ಇಡುವವ ನಾನು. ಅವನು ನನ್ನ ಮಗಳನ್ನು ಕೊಂದಿಲ್ಲ. ಕೊಂದದ್ದು ಹಳೆ ಟಯರು, ಮತ್ತೆ ನನ್ನ ಬಾಯಿ."

ನಾನೇ ಭವಿತಾಳಿಗೆ ಫೋನ್ ಮಾಡಿದೆ. ಸುಳ್ಯದಲ್ಲಿ ಇಂಜಿನಿಯರಿಂಗ್ ಓದಿದ ಹುಡುಗಿ. ಕಡಬದಲ್ಲಿ ಟಯರು ಮತ್ತು ವೀಲ್ ಅಲೈನ್‌ಮೆಂಟಿನ ಅಂಗಡಿ ನಡೆಸುತ್ತಾಳೆ. ಗಂಟೆಯೊಳಗೆ ಸ್ಕೂಟರಿನಲ್ಲಿ ಬಂದಳು.

"ಬನ್ನಿ ಇಂಜಿನಿಯರ್ರೆ, ನಮ್ಮ ಮಾವನಿಗೆ ಸ್ವಲ್ಪ ಬುದ್ಧಿ ಹೇಳಿ" ಎಂದ ಉದಯ.

"ಯಾರಿಗೆ ಹೇಳಬೇಕು ಅಂತ ಟಯರನ್ನೇ ಕೇಳ್ತೇನೆ ಉದಯಣ್ಣ" ಎಂದು ಅವಳು ಒಂದು ಒದ್ದೆ ಬಟ್ಟೆ ಕೇಳಿ ಪಡೆದು ಟಯರಿನ ಪಕ್ಕೆಯನ್ನು ಬಲವಾಗಿ ಉಜ್ಜಿದಳು. ಕಪ್ಪು ಪಾಲಿಶು ಬಟ್ಟೆಗೆ ಬಂತು. ಅದರ ಕೆಳಗೆ, ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಸಾಲಾಗಿ ಕಂಡವು. ಉದಯ ಬಗ್ಗಿ ನೋಡಿದ. ಆದರೂ ಶೀಟಿನ ವಾದ ಬಿಡಲಿಲ್ಲ.

ಭವಿತಾ ತಿಮ್ಮಕ್ಕನ ಕಡೆ ತಿರುಗಿದಳು. "ತಿಮ್ಮಕ್ಕ, ಹಳೆ ಅಕ್ಕಿ ಒಳ್ಳೆದಲ್ವಾ?"

"ಒಳ್ಳೆದೇ."

"ಹಳೆ ಅನ್ನ?"

ತಿಮ್ಮಕ್ಕ ಮಗನ ಮುಖ ನೋಡಿದಳು.

"ಶೀಟ್ ಅಂದರೆ ಅಕ್ಕಿ. ಟಯರ್ ಅಂದರೆ ಬೇಯಿಸಿದ ಅನ್ನ. ಗಂಧಕ ಹಾಕಿ ಬೇಯಿಸಿದ ಮೇಲೆ ಓಡಿದರೂ ಓಡದಿದ್ದರೂ ಅದಕ್ಕೆ ವಯಸ್ಸಾಗ್ತದೆ. ಒಳಗಿಂದ ಗಡುಸಾಗ್ತಾ ಬರ್ತದೆ."

ಆಮೇಲೆ ಚಾಲಕನ ಬಾಗಿಲು ತೆರೆಸಿ, ಅದರ ಕಂಬಕ್ಕೆ ಅಂಟಿಸಿದ ಚೀಟಿಯನ್ನು ಉದಯನಿಂದಲೇ ಓದಿಸಿದಳು. ಟಯರಿನ ಅಳತೆಯ ಮುಂದೆ 110 ಎಂದಿತ್ತು, ಜೊತೆಗೆ W ಎಂಬ ಅಕ್ಷರ. ಹಾಕಿಸಿದ ಟಯರಿನಲ್ಲಿ ಅಳತೆ ಸರಿಯಿತ್ತು. ಆದರೆ 106, ಅಕ್ಷರ H. ಆ ಸಂಖ್ಯೆ ಭಾರದ್ದು ಎಂದು ವಿವರಿಸಿದಳು. ಈ ಕಾರಿನ ಒಂದೊಂದು ಟಯರೂ ಸಾವಿರದ ಅರವತ್ತು ಕಿಲೋ ಹೊರುವಂಥದ್ದಾಗಿರಬೇಕು. ಇದರ ಮಿತಿ ಒಂಬೈನೂರ ಐವತ್ತು. ಅಕ್ಷರ ವೇಗದ್ದು, H ಎಂದರೆ ಗಂಟೆಗೆ ಇನ್ನೂರ ಹತ್ತು ಕಿಲೋಮೀಟರ್, W ಎಂದರೆ ಇನ್ನೂರ ಎಪ್ಪತ್ತು. ಉದಯ ಅಲ್ಲಿ ಅವಳನ್ನು ತಡೆದ. ಪಂಜದ ರಸ್ತೆಯಲ್ಲಿ ಇನ್ನೂರರ ವೇಗದಲ್ಲಿ ಹೋಗಲು ತನಗೆ ಹುಚ್ಚಾ ಎಂದು ಕೇಳಿದ.

"ಆ ಅಕ್ಷರ ಓಡಿಸಲಿಕ್ಕೆ ಮಾತ್ರ ಅಲ್ಲ, ಬಿಸಿ ತಡೆಯಲಿಕ್ಕೂ ಉಂಟು. ಐದು ಜನ, ಸಾಮಾನು, ಘಾಟಿಯ ತಿರುವು. ಇಳಿಯುವಾಗ ಎರಡೂವರೆ ಟನ್ ಗಾಡಿ ನಿಲ್ಲುದು ನಾಲ್ಕು ಅಂಗೈ ಅಗಲದ ರಬ್ಬರಿನ ಮೇಲೆ. ಅದು ಹಿಡಿತ ಬಿಟ್ಟರೆ ನಿಮ್ಮ ಬ್ರೇಕು ಎಂತ ಮಾಡ್ತದೆ?"

ಅಷ್ಟು ಹೊತ್ತು ಜಗಲಿಯ ಕಂಬಕ್ಕೊರಗಿ ಕೇಳುತ್ತಿದ್ದ ಸುರಕ್ಷಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮೆಲ್ಲನೆ ಹೇಳಿದಳು:

"ನೀವು ವಾದದಲ್ಲಿ ಗೆಲ್ಲಿ. ನಾವಿಬ್ಬರು ಇದಕ್ಕೆ ಹತ್ತುದಿಲ್ಲ."

ಅಲ್ಲಿಗೆ ವಾದ ಮುಗಿಯಿತು. ಉದಯ ಅಂಗಡಿಗೆ ಫೋನ್ ಮಾಡಿ ಜಗಳವಾಡಿದ. ಅಂಗಡಿಯವನು ಬಹಳ ಸಲೀಸಾಗಿ, ಟಯರು ಬಿಚ್ಚಿ ಕಳಿಸಿ, ದುಡ್ಡು ವಾಪಸು ಕೊಡುತ್ತೇನೆ, ಬೇರೆ ಗಿರಾಕಿ ಇದ್ದಾರೆ ಎಂದನಂತೆ. ಉದಯನಿಗೆ ಸಮಾಧಾನವಾಯಿತು, ನನಗೆ ರಕ್ತ ಕುದಿಯಿತು. ಆ ಬೇರೆ ಗಿರಾಕಿಯ ಮನೆಯಲ್ಲಿ ಬಸುರಿ ಇಲ್ಲವೇ, ಮಕ್ಕಳಿಲ್ಲವೇ ಎಂದು ಕೇಳಿದೆ. ಮರುದಿನ ಉದಯ ಭವಿತಾಳ ಅಂಗಡಿಯಲ್ಲಿ ನಾಲ್ಕೂ ಟಯರು ಬಿಚ್ಚಿಸಿ, ಯಾರೂ ಮತ್ತೆ ಹಾಕದ ಹಾಗೆ ಗರಗಸದಿಂದ ಅವುಗಳ ಪಕ್ಕೆಗಳನ್ನು ತಾನೇ ಕೊಯ್ದ. ನಷ್ಟವಾಯಿತು. ಆಗಲಿ.

ಸರಿಯಾದ ಟಯರು ಬರಲು ಹತ್ತು ದಿನ ಹಿಡಿಯಿತು. ಸುರಕ್ಷಾ ತನ್ನ ಅಣ್ಣನ ಜೀಪಿನಲ್ಲಿ ತವರಿಗೆ ಹೋದಳು. ಟಯರು ಬಂದ ದಿನ ಉದಯ ಟಾರ್ಚು ಹಿಡಿದು ನಾಲ್ಕನ್ನೂ ಓದಿದ. ಒಂದರ ತಾರೀಕು ಎರಡು ವರ್ಷ ಹಿಂದಿನದು. ತರಿಸಿದವಳು ಭವಿತಾ ಎಂಬ ದಾಕ್ಷಿಣ್ಯ ನೋಡದೆ ಅದನ್ನು ವಾಪಸು ಕೊಟ್ಟ.

ಓದುಗರೇ, ಸಿಟ್ಟಿನಿಂದಲೇ ಹೇಳುತ್ತಿದ್ದೇನೆ, ಕ್ಷಮಿಸಿ. ಬಾಗಿಲ ಕಂಬದ ಚೀಟಿಯಲ್ಲಿರುವ ಅಳತೆ, ಭಾರದ ಸಂಖ್ಯೆ, ವೇಗದ ಅಕ್ಷರ ಇವುಗಳಿಗಿಂತ ಕಡಿಮೆಯ ಟಯರನ್ನು ಯಾರು ಕೊಟ್ಟರೂ ಹಾಕಿಸಬೇಡಿ. ಹೊಸದು ಕೊಳ್ಳುವಾಗ ವರ್ಷದೊಳಗೆ ತಯಾರಾದದ್ದನ್ನು ಕೇಳಿ. ನಾಲ್ಕೂ ಒಂದೇ ಬಗೆಯದ್ದಿರಲಿ. ಆಗದಿದ್ದರೆ ಮುಂದಿನ ಎರಡು ಒಂದು ಜೋಡಿ, ಹಿಂದಿನ ಎರಡು ಒಂದು ಜೋಡಿಯಾದರೂ ಆಗಿರಲಿ. ಐದು ವರ್ಷ ದಾಟಿದ ಟಯರನ್ನು ಗೆರೆ ಎಷ್ಟೇ ಇದ್ದರೂ ಪ್ರತಿ ವರ್ಷ ತಿಳಿದವರಿಗೆ ತೋರಿಸಿ. ಗಾಳಿಯನ್ನು ಆ ಚೀಟಿ ಹೇಳಿದಷ್ಟೇ ತುಂಬಿಸಿ. ದುಬಾರಿಯಾಯಿತು ಎನಿಸಿದರೆ ಚಿಕ್ಕ ಕಾರು ಕೊಳ್ಳಿ, ಅದರಲ್ಲಿ ನಾಚಿಕೆಯಿಲ್ಲ.

ಈಗ ಈ ಕಾಗದವನ್ನು ಕೆಳಗಿಡಿ. ಕನ್ನಡಕ ಹಾಕಿಕೊಂಡು ಅಂಗಳಕ್ಕೆ ಇಳಿಯಿರಿ. ಟಯರಿನ ಹೊರಮೈಯಲ್ಲಿ ತಾರೀಕು ಕಾಣದಿದ್ದರೆ ಒಳಮೈಯಲ್ಲಿರುತ್ತದೆ. ಬಟ್ಟೆ ಕೊಳೆಯಾಗುತ್ತದೆ, ಮೊಣಕಾಲು ನೋಯುತ್ತದೆ. ಆದರೂ ಬಗ್ಗಿ ನೋಡಿ.