ಎತ್ತಿನ ತಿರುವು

ಚಳ್ಳಕೆರೆಯ ಹೊರವಲಯದಲ್ಲಿ ಹೊಸದಾಗಿ ಆದ ಬೈಪಾಸು, ಮೊಳಕಾಲ್ಮುರು ದಾಟಿ ಆಂಧ್ರದ ಗಡಿಗೆ ಹೋಗುವ ಹೈವೇಯನ್ನು ಕೂಡಿಕೊಳ್ಳುವವರೆಗೂ ನೂಲು ಹಿಡಿದ ಹಾಗೆ ನೇರವಾಗಿದೆ. ಆ ಬಯಲಿನಲ್ಲಿ ರಸ್ತೆ ಬಳುಕಲು ಕಾರಣವೇ ಇಲ್ಲ; ಅಡ್ಡ ಬರುವುದಕ್ಕೆ ಹೊಳೆಯಿಲ್ಲ, ಕಾಡಿಲ್ಲ. ಆದರೂ ನನ್ನಿವಾಳದ ಕಡೆಯ ಒಂದು ಹಟ್ಟಿಯ ಹತ್ತಿರ ಅದು ಇದ್ದಕ್ಕಿದ್ದಂತೆ ಪಡುವಣಕ್ಕೆ ವಾಲಿ, ಒಂದು ಹೊಲವನ್ನು ಬಳಸಿಕೊಂಡು, ಮತ್ತೆ ನೆಟ್ಟಗಾಗುತ್ತದೆ. ಲಾರಿಯವರು ಅಲ್ಲಿ ಬ್ರೇಕ್ ಒತ್ತಿ ಇಂಜಿನಿಯರನ ಹೆತ್ತವರನ್ನೆಲ್ಲ ನೆನೆಯುತ್ತಾರೆ. ಪಾಪ, ಇಂಜಿನಿಯರನ ತಪ್ಪು ಅದರಲ್ಲಿ ಕಡಿಮೆ. ರಸ್ತೆಯನ್ನು ಬಗ್ಗಿಸಿದವನು ಉಗ್ರಪ್ಪ.

ಉಗ್ರಪ್ಪನನ್ನು ಹಟ್ಟಿಯಲ್ಲಿ ಯಾರೂ ಕೆಟ್ಟವನು ಅನ್ನುತ್ತಿರಲಿಲ್ಲ, ಜಾಣ ಅನ್ನುತ್ತಿದ್ದರು. ಜಾಣತನ ಮನೆಯೊಳಗೆ ತಿರುಗುವವರೆಗೂ ಅದನ್ನು ಬೇರೆ ಹೆಸರಿನಿಂದ ಕರೆಯುವ ಅಗತ್ಯ ಯಾರಿಗೂ ಬೀಳುವುದಿಲ್ಲ. ಅವನಿಗೆ ನಾಲ್ಕು ಎಕರೆ ಶೇಂಗಾ ಹೊಲ, ಕೈಕೊಡದ ಒಂದು ಬೋರ್‌ವೆಲ್, ಹೊಲದಲ್ಲೇ ಬಡಗಲ ಬದುವಿನ ಅಂಚಿಗೆ ಕಟ್ಟಿಸಿದ ತಾರಸಿ ಮನೆ ಇದ್ದವು. ಪಡುವಣ ಬದುವಿನ ಆಚೆ ಅವನ ಅಣ್ಣ ಓಬಯ್ಯನ ಪಾಲಿನ ಒಂದು ಎಕರೆ. ಓಬಯ್ಯ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅವನ ಹೆಂಡತಿ ಲಕ್ಷ್ಮಕ್ಕ ಅಲ್ಲಿ ಶೀಟಿನ ಮನೆಯಲ್ಲಿ ನಾಲ್ಕು ಮೇಕೆ ಕಟ್ಟಿಕೊಂಡು ಇದ್ದಳು. ಒಬ್ಬಳೇ ಮಗಳು ಗೀತಮ್ಮನನ್ನು ಮೊಳಕಾಲ್ಮುರಿನ ನೇಯ್ಗೆಯವರ ಮನೆಗೆ ಕೊಟ್ಟಾಗಿತ್ತು. ಗಂಡನನ್ನು ಮಣ್ಣು ಮಾಡಿದ್ದು ಮನೆಯ ಮುಂದಿನ ಬೇವಿನ ಮರದ ಬುಡದಲ್ಲಿ. ದಿನಾ ಬೆಳಿಗ್ಗೆ ಆ ಕಲ್ಲಿನ ಮೇಲೆ ಒಂದು ಚೊಂಬು ನೀರು ಹಾಕದೆ ಅವಳು ಒಲೆ ಹಚ್ಚುತ್ತಿರಲಿಲ್ಲ.

ಸರ್ವೆಯವರು ಬಂದು ಹಳದಿ ಬಳಿದ ಕಲ್ಲು ನೆಟ್ಟಾಗ ಒಂದು ಕಲ್ಲು ಉಗ್ರಪ್ಪನ ಅಂಗಳಕ್ಕೆ ಬಿತ್ತು, ಇನ್ನೊಂದು ಹಿತ್ತಲಿಗೆ. ರಸ್ತೆ ಮನೆಯ ನಡುಮನೆಯೊಳಗೇ ಹಾಯುತ್ತಿತ್ತು. ಬೇರೆಯವನಾಗಿದ್ದರೆ ಬಾಯಿ ಬಡಿದುಕೊಳ್ಳುತ್ತಿದ್ದ. ಉಗ್ರಪ್ಪ ಇಂಜಿನಿಯರ್ ಕಿರಣ್‌ಕುಮಾರನನ್ನು ಕರೆದು ಮಂಚದ ಮೇಲೆ ಕೂರಿಸಿ, ಮಜ್ಜಿಗೆ ಕೊಟ್ಟ.

"ಒಂದಿಷ್ಟು ಅತ್ತಾಗೆ ಸರಿಸಾಕೆ ಆಗಾಕಿಲ್ವಾ ಸಾರ್?"

"ಮೂಡಲಿಗೆ ಆಗಲ್ಲ ಯಜಮಾನ್ರೇ. ಆ ಕಡೆಯ ಹುಲ್ಲು ಕಾವಲಿಗೆ ಸರ್ಕಾರದ ಕಾಂಪೌಂಡ್ ಗೋಡೆ ಬಂದಿದೆಯಲ್ಲ, ಅದನ್ನ ಮುಟ್ಟೋ ಹಾಗಿಲ್ಲ. ಸರಿಸಿದ್ರೆ ಪಡುವಣಕ್ಕೇ ಸರಿಸಬೇಕು. ಅದಕ್ಕೂ ಗಟ್ಟಿ ಕಾರಣ ಬೇಕು. ಗುಡಿಗಿಡಿ ಇದ್ರೆ ಹೇಳಿ. ಜನ ಗಲಾಟೆ ಮಾಡೋ ಕಡೆ ನಮ್ಮ ಮೇಲಿನವರು ಕೈ ಹಾಕಲ್ಲ."

ಉಗ್ರಪ್ಪ ಮಜ್ಜಿಗೆಯ ಲೋಟವನ್ನು ಮತ್ತೆ ತುಂಬಿಸಿದ. ರಸ್ತೆ ಹೊಲದ ಮೇಲೆ ಬಂದರೆ ಹೊಲ ಹಾಳು, ಪಕ್ಕಕ್ಕೆ ಬಂದರೆ ಹೊಲ ಹೊನ್ನು. ಇಷ್ಟು ಅವನಿಗೆ ಆ ಮಂಚದ ಮೇಲೇ ಹೊಳೆದುಹೋಯಿತು. ಮನೆ ಮುಂದೆ ಢಾಬಾ, ಅದರ ಪಕ್ಕ ಪೆಟ್ರೋಲ್ ಬಂಕ್, ಸಾಲಾಗಿ ನಿಂತ ಲಾರಿಗಳು. ನಡುವೆ ಅತ್ತಿಗೆಯ ಮನೆಯೊಂದು ಇತ್ತು, ಅಷ್ಟೇ.

ಆ ಹಟ್ಟಿಯವರಿಗೆ ದೇವರ ಎತ್ತುಗಳೆಂದರೆ ಗುಡಿಯೊಳಗಿನ ದೇವರಿಗಿಂತ ಒಂದು ಕೈ ಮೇಲು. ದೇವರಿಗೆ ಬಿಟ್ಟ ಆ ಮಂದೆಯನ್ನು ಯಾರೂ ನೊಗಕ್ಕೆ ಕಟ್ಟುವುದಿಲ್ಲ, ಕೋಲೆತ್ತುವುದಿಲ್ಲ. ಕಾಯುವ ಕಿಲಾರಿ ಚಪ್ಪಲಿ ಮೆಟ್ಟುವುದಿಲ್ಲ. ಒಂದು ಎತ್ತು ಸತ್ತರೆ ಉರುಮೆ ಬಾರಿಸಿ, ಮನುಷ್ಯರಿಗೆ ಮಾಡುವ ಹಾಗೆ ಮಣ್ಣು ಮಾಡಿ ಕಲ್ಲು ನೆಡುತ್ತಾರೆ. ಉಗ್ರಪ್ಪನ ಬೋರ್‌ವೆಲ್ ಪಕ್ಕದ ಮಣ್ಣಲ್ಲೂ ಒಂದು ಎತ್ತಿತ್ತು. ಅದು ಅವನದೇ ಉಳುವ ಎತ್ತು ಕರಿಯ. ಉರಿಬಿಸಿಲಲ್ಲಿ ಹೊಡೆದು ಹೊಡೆದು ದುಡಿಸಿದ್ದಕ್ಕೆ ನೊಗದಲ್ಲೇ ಬಿದ್ದು ಸತ್ತಿತ್ತು. ಚರ್ಮ ಸುಲಿಸಿ ಮಾರಿ, ಮಿಕ್ಕಿದ್ದನ್ನು ಗುಂಡಿಗೆ ತಳ್ಳಿದ್ದ. ಈಗ ಅದರ ಮೇಲೊಂದು ಕಲ್ಲು ನೆಟ್ಟ, ಸುಣ್ಣ ಬಳಿದ, ಅರಿಶಿನ ಕುಂಕುಮ ಹಚ್ಚಿದ. ಬದುಕಿದ್ದಾಗ ಒಂದು ಹಿಡಿ ಹಿಂಡಿ ಹೆಚ್ಚಿಗೆ ಕಾಣದ ಕರಿಯ ಸತ್ತ ಮೇಲೆ ದೇವರಾದ.

ಸಾಕ್ಷಿಗೆ ಮನೆಯ ಹಿರಿಯರು ಬೇಕಿತ್ತು. ಉಗ್ರಪ್ಪ ಬದು ದಾಟಿ ಲಕ್ಷ್ಮಕ್ಕನ ಹತ್ತಿರ ಹೋದ.

"ಅಲ್ಲಿರೋದು ನಿನ್ನ ಕರಿಯ ಅಲ್ವೇನೋ?" ಅಂದಳು ಅವಳು. "ದೇವರ ಹೆಸ್ರಲ್ಲಿ ಸುಳ್ಳಾಡಬ್ಯಾಡ ಉಗ್ರಪ್ಪ, ಸುಟ್ಟು ಹೋಗ್ತೀಯಾ."

"ಸುಳ್ಳು ನಂದು, ಪಾಪಾನೂ ನಂದು. ತಾತನ ಕಾಲದ ಎತ್ತು ಅಂತೀನಿ, ನೀನು ಬರೀ ಹೂಂ ಅನ್ನು ಸಾಕು. ಮಕ್ಳು ಮರಿ ಇರೋ ಮನೆ ಅತ್ತಿಗೆ, ಬೀದಿಗೆ ಬೀಳ್ತೀವಿ."

"ಹಂಗಾರೆ ರಸ್ತೆ ಎತ್ಲಾಗೆ ಹೋಗ್ತೈತೆ?"

"ಕಾವಲ ಕಡೀಗೆ. ನಂದೂ ಉಳೀತೈತೆ, ನಿಂದೂ ಉಳೀತೈತೆ. ಅಣ್ಣನ ಸಮಾಧಿ ಮ್ಯಾಲೆ ಆಣೆ." ಹೇಳಿದ್ದಷ್ಟೇ ಅಲ್ಲ, ಬೇವಿನ ಬುಡಕ್ಕೆ ಹೋಗಿ ಕಲ್ಲು ಮುಟ್ಟಿಯೂ ಬಂದ.

ಲಕ್ಷ್ಮಕ್ಕ ನಂಬಿದಳು. ಗಂಡ ಹೆಗಲ ಮೇಲೆ ಹೊತ್ತು ಬೆಳೆಸಿದ ತಮ್ಮ, ಆ ಗಂಡನ ಕಲ್ಲನ್ನೇ ಮುಟ್ಟಿ ಹೇಳುವಾಗ ನಂಬದೆ ಇನ್ನೇನು ಮಾಡಿಯಾಳು? ಇಂಜಿನಿಯರ್ ತನ್ನ ಮೇಲಿನವರನ್ನು ಕರೆದುಕೊಂಡು ಬಂದಾಗ ಕೆದಕಿದ ಮಣ್ಣಲ್ಲಿ ಕೊಂಬು ಕಂಡವು. ಹಟ್ಟಿಯ ಜನ ಸುತ್ತ ಕೈಮುಗಿದು ನಿಂತಿದ್ದರು. "ಹೌದೇನಮ್ಮಾ?" ಎಂದು ಕೇಳಿದ್ದಕ್ಕೆ ಲಕ್ಷ್ಮಕ್ಕ ತಲೆ ತಗ್ಗಿಸಿ "ಹೂಂ" ಅಂದಳು. ಹೀಗೆ ತನ್ನ ಮನೆಯ ಮೇಲೆ ಹೈವೇಯನ್ನು ತಾನೇ ಕರೆದುಕೊಂಡಳು.

ಬೇಸಿಗೆ ಕಳೆಯುವ ಹೊತ್ತಿಗೆ ಜೆಸಿಬಿ ಬಂತು. ಲಕ್ಷ್ಮಕ್ಕನಿಗೆ ಪರಿಹಾರ ಬರುತ್ತದೆ ಅಂದರು. ಬರುತ್ತದೆ ಅನ್ನುವುದು ಸರ್ಕಾರಕ್ಕೆ ಸುಲಭದ ಮಾತು. ಶೀಟುಗಳನ್ನು ಕಿತ್ತು ಒಂದು ಕಡೆ ಒಟ್ಟಿದರು, ಗೋಡೆ ಎರಡೇ ಪೆಟ್ಟಿಗೆ ಕುಸಿಯಿತು. ಅವಳು ಮೇಕೆಗಳ ಹಗ್ಗ ಹಿಡಿದು ನೋಡುತ್ತ ನಿಂತಿದ್ದಳು. ಉಗ್ರಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬದುವಿನ ಮೇಲಿದ್ದ.

"ಕಾವಲ ಕಡೀಗೆ ಅಂದಿದ್ಯಲ್ಲೋ," ಅಂದಳು.

"ಇಂಜಿನಿಯರ್ ಮಾತು ತಿರುಗಿಸಿಬಿಟ್ಟ ಅತ್ತಿಗೆ. ದೊಡ್ಡೋರ ಮುಂದೆ ನಾನೇನ್ ಮಾಡ್ಲಿ?"

ಜೆಸಿಬಿ ಬೇವಿನ ಮರದ ಹತ್ತಿರ ಬಂದು ನಿಂತುಬಿಟ್ಟಿತು. ಓಡಿಸುತ್ತಿದ್ದ ಮಲ್ಲಿಕ್ ಚಳ್ಳಕೆರೆ ಪೇಟೆಯ ಹುಡುಗ. ಕಲ್ಲು ಕಂಡು ಇಂಜಿನ್ ಆಫ್ ಮಾಡಿ ಕೆಳಗಿಳಿದ. "ಇಲ್ಲಿ ಕಬರ್ ಐತಲ್ಲಾ ಭಾಯ್? ನಾನು ಮುಟ್ಟಲ್ಲ."

"ಒಂದು ದಿನ ಬಿಡಪ್ಪಾ," ಲಕ್ಷ್ಮಕ್ಕ ಅವನ ಮುಂದೆ ಕೈಯೊಡ್ಡಿದಳು. "ಪೂಜೆ ಮಾಡಿ ತೆಕ್ಕೊಂಡೋಗ್ತೀನಿ. ನಾಳೆ ಅಗೀರಿ."

ಉಗ್ರಪ್ಪ ಬದುವಿನಿಂದ ಇಳಿದು ಬಂದ. ಇವತ್ತು ನಿಂತರೆ ನಾಳೆ ಜನ ಸೇರುತ್ತಾರೆ. ಇಲ್ಲೂ ಸಮಾಧಿ ಅಲ್ಲೂ ಸಮಾಧಿ ಅಂದರೆ ರಸ್ತೆ ವಾಪಸು ತನ್ನ ನಡುಮನೆಗೇ ಬಂದೀತು.

"ಸಮಾಧಿನೂ ಇಲ್ಲ ಏನೂ ಇಲ್ಲ," ಅಂದ. "ಹೊಲದಾಗಿನ ಕಲ್ಲು ಅದು, ಹೆಣ್ಮಕ್ಳು ಸುಮ್ನೆ ನೀರು ಹಾಕ್ತಾರೆ. ನಡೀಲಿ ನಡೀಲಿ."

ಮಲ್ಲಿಕ್ ಮುದುಕಿಯ ಮುಖ ನೋಡಿದ, ಉಗ್ರಪ್ಪನ ಬಿಳಿ ಅಂಗಿ ನೋಡಿದ. ದೂರದಲ್ಲಿ ಮೇಸ್ತ್ರಿ ಕೂಗಾಡುತ್ತಿದ್ದ. ಹುಡುಗ ಹತ್ತಿ ಕೂತ. ಬಕೆಟ್ ಎರಡನೆಯ ಸಲ ಮೇಲೆದ್ದಾಗ ಮಣ್ಣಿನ ಜೊತೆ ಓಬಯ್ಯನೂ ಎದ್ದ. ಹೊದಿಸಿದ್ದ ಪಂಚೆಯ ಕೆಂಪು ಅಂಚು ಇನ್ನೂ ಹಾಗೇ ಇತ್ತು. ಮಲ್ಲಿಕ್ ಅಲ್ಲೇ ಇಳಿದು ಓಡಿಹೋಗಿ ದೂರ ಕೂತು ವಾಂತಿ ಮಾಡಿಕೊಂಡ. ಲಕ್ಷ್ಮಕ್ಕ ಅಳಲಿಲ್ಲ. ಸೆರಗು ಹಾಸಿ, ಸಿಕ್ಕಿದ್ದನ್ನೆಲ್ಲ ಆಯ್ದುಕೊಂಡು, ಗಂಟು ಕಟ್ಟಿ, ಸಂಜೆಯ ಬಸ್ಸಿಗೆ ಮೊಳಕಾಲ್ಮುರಿಗೆ ಹೋದಳು. ಪಕ್ಕದಲ್ಲಿ ಕೂತವರು ಗಂಟಿನಲ್ಲೇನು ಎಂದು ಕೇಳಿದ್ದಕ್ಕೆ "ನಮ್ಮನೆಯೋರು" ಅಂದಳಂತೆ.

ಡಾಂಬರು ಬಿತ್ತು, ಬಿಳಿ ಪಟ್ಟೆ ಎಳೆದರು, ಲಾರಿಗಳು ಓಡಿದವು. ಉಗ್ರಪ್ಪ ಢಾಬಾಕ್ಕೆ ಪಾಯ ತೆಗೆಸಿದ. ಎಲ್ಲವೂ ಅವನು ನೆನೆದಂತೆಯೇ ಆಯಿತು, ಒಂದನ್ನು ಬಿಟ್ಟು. ಆ ಸುಳ್ಳನ್ನು ಅವನು ಹೆಣೆದದ್ದು ಇಂಜಿನಿಯರನಿಗಾಗಿ. ಹಟ್ಟಿಯವರು ಒಳಗೊಳಗೇ ನಕ್ಕು ಸುಮ್ಮನಾಗುತ್ತಾರೆ ಎಂದುಕೊಂಡಿದ್ದ. ಮೊದಮೊದಲು ನಕ್ಕದ್ದೂ ನಿಜ. ಆದರೆ ರಸ್ತೆ ಆದ ಮೇಲೆ ಜನ ಬಂದು ಆ ತಿರುವನ್ನು ಕಣ್ಣಾರೆ ಕಂಡರು. ಎಷ್ಟೋ ಊರಿನ ಗುಡಿಗಳನ್ನು ಕೆಡವಿಕೊಂಡು ಬಂದ ಹೈವೇ ಒಂದು ಎತ್ತಿನ ಮುಂದೆ ಬಗ್ಗಿ, ಪ್ರದಕ್ಷಿಣೆ ಹಾಕಿ ಹೋಗಿದೆ! ಇದಕ್ಕಿಂತ ದೊಡ್ಡ ಮಹಿಮೆ ಬೇಕೇ? ತಾನೇ ಬಗ್ಗಿಸಿದ ರಸ್ತೆ ತನ್ನ ಸುಳ್ಳಿಗೆ ಸಾಕ್ಷಿ ನಿಲ್ಲುತ್ತದೆಂದು ಉಗ್ರಪ್ಪನಂಥ ಜಾಣನಿಗೂ ಹೊಳೆದಿರಲಿಲ್ಲ. ಬಸ್ಸಿನ ಕಂಡಕ್ಟರುಗಳು ಅಲ್ಲಿಗೆ 'ಎತ್ತಿನ ತಿರುವು' ಎಂದು ಹೆಸರಿಟ್ಟರು. ಹೆಂಗಸರು ತೆಂಗಿನಕಾಯಿ ತಂದರು. ಉಗ್ರಪ್ಪ ಅದಕ್ಕೂ ಖುಷಿಪಟ್ಟ. ಕಾಯಿ ಒಡೆಸಿದವರು ಚಹಾ ಕುಡಿಯದೆ ಹೋಗುತ್ತಾರೆಯೇ?

ಆಮೇಲೆ ಕಿಲಾರಿ ಚಿನ್ನಯ್ಯ ಬಂದ. ಬರಿಗಾಲಿನ ಮುದುಕ, ಜೀವಮಾನವೆಲ್ಲ ದೇವರ ಮಂದೆಯ ಹಿಂದೆ ಸವೆಸಿದವನು. ಕಲ್ಲಿನ ಮುಂದೆ ಉದ್ದಕ್ಕೆ ಬಿದ್ದು, ಎದ್ದು, ಕಣ್ಣೊರೆಸಿಕೊಂಡು ಹೇಳಿದ: "ಎತ್ತು ಕೂಡೋ ನಮ್ಮ ರೊಪ್ಪದ ದಾರಿ ಹೈವೇಗೆ ಹೋತು ಉಗ್ರಪ್ಪ. ಎತ್ತುಗಳು ದಾಟಂಗಿಲ್ಲ, ಲಾರಿ ಬಡೀತಾವೆ. ಎಲ್ಲಿ ಕಟ್ಟಲಿ ಅಂತ ಒದ್ದಾಡ್ತಿದ್ದೆ. ದೇವ್ರೇ ಜಾಗ ತೋರಿಸ್ಯಾನೆ."

"ಇಲ್ಲೆಲ್ಲಿ ಜಾಗ ಐತೆ ಚಿನ್ನಯ್ಯ? ಕಲ್ಲಿನ ಸುತ್ತ ನಾಕು ಮಾರು ಬಿಡ್ತೀನಿ."

"ಅದನ್ನ ಹೇಳಾಕೆ ನೀನ್ಯಾರು, ನಾನ್ಯಾರು? ಹಾಲಿನ ಎಲ್ಲೆ ಹಾಕ್ಲಿ."

ಎತ್ತು ಮಲಗಿದ ನೆಲದ ಎಲ್ಲೆಯನ್ನು ಹೊಲದವನು ಹೇಳುವಂತಿಲ್ಲ. ಮನೆಯ ಹಿರಿಯ ಜೀವ ದೇವರ ಆಕಳ ಹಾಲು ಚೆಲ್ಲುತ್ತ ಸುತ್ತು ಬರಬೇಕು. ಸುತ್ತಿನೊಳಗೆ ಬಿದ್ದ ನೆಲ ದೇವರದು. ಅಲ್ಲಿ ನೇಗಿಲಿಲ್ಲ, ಒಲೆಯಿಲ್ಲ, ಸಂಸಾರವಿಲ್ಲ. ಹುಟ್ಟಿದಾಗಿನಿಂದ ಕಂಡ ಕಟ್ಟಳೆ. ಮನೆಯ ಹಿರಿಯ ಜೀವ ಯಾರು ಎಂದು ಉಗ್ರಪ್ಪನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಎಲ್ಲರ ಮುಂದೆ ಅವಳನ್ನು ಹಿರಿಯಳೆಂದು ನಿಲ್ಲಿಸಿದವನು ಅವನೇ.

ಕುಲದ ನ್ಯಾಯ, ಕಟ್ಟಳೆ ನೋಡುವ ಕಟ್ಟೆಮನೆಯ ಯಜಮಾನ ಮಾರಯ್ಯ ಸೋಮವಾರ ಹಟ್ಟಿಯನ್ನೆಲ್ಲ ಸೇರಿಸಿದ. ಲಕ್ಷ್ಮಕ್ಕ ಬಸ್ಸಿಳಿದು ಬಂದಳು. ಮೊಳಕಾಲ್ಮುರಿನಲ್ಲಿ ಮಗಳ ಮನೆಯ ಮೂಲೆಯಲ್ಲಿ ರೇಷ್ಮೆ ಸುತ್ತುತ್ತಿದ್ದಳಂತೆ. ಬೆರಳ ತುದಿಗಳು ಸೀಳಿದ್ದವು. ತನ್ನ ಮನೆಯಿದ್ದ ಕಡೆ, ಲಾರಿಗಳು ಭರ್ರೆಂದು ಹಾಯುವಲ್ಲಿ, ಸ್ವಲ್ಪ ಹೊತ್ತು ನೋಡಿದಳು. ಉಗ್ರಪ್ಪ ಅವಳನ್ನು ಬೋರ್‌ವೆಲ್ ಹಿಂದಕ್ಕೆ ಕರೆದು ಕಾಲಿಗೆ ಬಿದ್ದ.

"ಸುಳ್ಳು ಅಂತ ಹೇಳಿಬಿಡು ಅತ್ತಿಗೆ. ಅದು ಕರಿಯ, ಉಳೋ ಎತ್ತು ಅಂದುಬಿಡು."

"ನಿಂಗೂ ಬಾಯಿ ಐತಲ್ಲ. ನೀನೇ ಹೇಳು."

ಅವನು ಹೇಗೆ ಹೇಳಿಯಾನು? ದೇವರ ಎತ್ತಿನ ಹೆಸರಲ್ಲಿ ಸುಳ್ಳಾಡಿದವನಿಗೆ ಹಟ್ಟಿಯಲ್ಲಿ ಬೆಂಕಿಯಿಲ್ಲ, ನೀರಿಲ್ಲ. ಮಗಳು ಆಶಾಳನ್ನು ಕೊಡುವ ಮಾತಾಗಿದ್ದು ಮಾರಯ್ಯನ ಸ್ವಂತ ಅಕ್ಕನ ಮನೆಗೆ.

"ಹೋಗ್ಲಿ, ಸಣ್ಣಕೆ ಹಾಕು. ಕಲ್ಲಿನ ಸುತ್ತ ಒಂದು ಸುತ್ತು ಬಂದುಬಿಡು. ನಿಂಗೂ ಇಲ್ಲೇ ಒಂದು ಕೋಣೆ ಕಟ್ಟಿಸಿಕೊಡ್ತೀನಿ. ಅಣ್ಣನ ಮ್ಯಾಲೆ ಆಣೆ..."

ಆ ಮಾತಿಗೆ ಲಕ್ಷ್ಮಕ್ಕ ಅವನ ಮುಖವನ್ನು ಮೊದಲ ಸಲ ನೋಡುವವಳಂತೆ ನೋಡಿದಳು. ಕಾಲು ಬಿಡಿಸಿಕೊಂಡು ಜನರತ್ತ ನಡೆದಳು.

ಮಾರಯ್ಯ ಹಾಲಿನ ಬಿಂದಿಗೆ ಅವಳ ಕಂಕುಳಿಗೆ ಕೊಟ್ಟ. ಗಡಿಯ ಕಡೆಯ ಮನುಷ್ಯ, ದೇವರ ಮುಂದೆ ಅವನ ಬಾಯಿಗೆ ಮೊದಲು ತೆಲುಗೇ ಬರುತ್ತಿತ್ತು. "ಚೆಪ್ಪಮ್ಮಾ ಲಕ್ಷ್ಮಕ್ಕ, ಎಲ್ಲಿಗಂಟ ಐತೆ ದೇವ್ರ ನೆಲ? ತೋರ್ಸು."

ಅವಳು ಕಲ್ಲಿನ ಹತ್ತಿರ ಹೋಗಲೇ ಇಲ್ಲ. ನೇರ ಪಡುವಣ ಬದುವಿಗೆ ಹೋಗಿ, ಹೈವೇಯ ಅಂಚಿನಿಂದ ಹಾಲು ಬಿಡತೊಡಗಿದಳು. ಧಾರೆ ದಾರದಷ್ಟು ಸಣ್ಣಗಿತ್ತು. ಇದ್ದಷ್ಟು ಹಾಲನ್ನು ಪೂರ್ತಿ ಹೊಲಕ್ಕೆ ಸಾಲಿಸಬೇಕಲ್ಲ. ಢಾಬಾದ ಪಾಯವನ್ನು ಒಳಗೆ ಹಾಕಿಕೊಂಡು ತೆಂಕಲಿಗೆ ತಿರುಗಿದಳು. ಹೂವು ಬಿಟ್ಟಿದ್ದ ಶೇಂಗಾದ ಸಾಲುಗಳ ಆಚೆ, ಮೂಡಣ ಬದುವಿನಗುಂಟ, ಒಂದು ಅಡಿಯನ್ನೂ ಬಿಡದೆ ನಡೆದಳು. ಹಿಂದೆ ಉರುಮೆ, ಅದರ ಹಿಂದೆ ಹಟ್ಟಿ. ಹೆಂಗಸರು ಅವಳು ನಡೆದ ಮಣ್ಣನ್ನು ಹಣೆಗೆ ಹಚ್ಚಿಕೊಳ್ಳುತ್ತಿದ್ದರು. ಉಗ್ರಪ್ಪ ಪಕ್ಕದಲ್ಲೇ ಓಡುತ್ತಿದ್ದ, ಕೈಮುಗಿದುಕೊಂಡೇ ಓಡುತ್ತಿದ್ದ. ಕೈ ಬಿಟ್ಟರೆ ಜನ ನೋಡುತ್ತಾರೆ.

ಬಡಗಲ ಬದುವಿಗೆ ಬಂದಾಗ ಮಿಕ್ಕಿದ್ದು ಮನೆಯೊಂದೇ. ಮನೆಯ ಮುಂದೆ ಹಾಯ್ದರೆ ಮನೆ ಹೊರಗೆ ಉಳಿಯುತ್ತದೆ, ಹಿಂದೆ ಹಾಯ್ದರೆ ಒಳಗೆ ಬೀಳುತ್ತದೆ. ಲಕ್ಷ್ಮಕ್ಕ ನಿಂತಳು. ಬಾಗಿಲಲ್ಲಿ ಉಗ್ರಪ್ಪನ ಹೆಂಡತಿ, ಮಗಳು ಆಶಾ ನಿಂತಿದ್ದರು. ಉರುಮೆಯೂ ನಿಂತಿತು.

"ಅತ್ತಿಗೆ, ಮನೆ," ಅಂದ ಉಗ್ರಪ್ಪ. ಅವಳಿಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ.

"ನಂಗೂ ಇತ್ತು."

ಅವಳು ಮನೆಯ ಹಿಂದೆ ಹಾಯ್ದಳು. ಹಿತ್ತಲ ಗೋಡೆಗುಂಟ, ಬಚ್ಚಲ ಮಗ್ಗುಲಿಗೆ, ಮತ್ತೆ ಹೈವೇಗೆ. ಕೊನೆಯ ಹನಿಯನ್ನು ಮೊದಲ ಹನಿಗೆ ಸೇರಿಸಿ ಬಿಂದಿಗೆಯನ್ನು ಬೋರಲು ಇಟ್ಟಳು. ಹಟ್ಟಿಯೆಲ್ಲ ಒಂದೇ ಬಾಯಲ್ಲಿ ದೇವರ ಹೆಸರು ಕೂಗಿತು. ಚಿನ್ನಯ್ಯ ಎತ್ತುಗಳನ್ನು ಶೇಂಗಾದೊಳಗೆ ಬಿಟ್ಟ. ಅವುಗಳಿಗೆ ಕೋಲೆತ್ತುವ ಹಾಗಿಲ್ಲ. ಸಾವಕಾಶವಾಗಿ ಹೂವು ಸಮೇತ ಮೇಯತೊಡಗಿದವು. ಎಲ್ಲರೂ ಬರಿಗಾಲಾದರು. ಉಗ್ರಪ್ಪ ತನ್ನ ಅಂಗಳದಲ್ಲಿ ಹಾಗೇ ನಿಂತಿದ್ದ. ಮಾರಯ್ಯ ಅವನ ಕಾಲು ನೋಡಿ ಹುಬ್ಬು ಗಂಟಿಕ್ಕಿದ.

"ದೇವ್ರ ನೆಲ ಕಣಲೇ ಇದು," ಅಂದ. "ಚಪ್ಪಲಿ ತೆಗಿ."

ಉಗ್ರಪ್ಪ ಬಗ್ಗಿ ಚಪ್ಪಲಿ ತೆಗೆದ.