ಎರೆಯುವವಳ ಉಪವಾಸ

ಶಹಾಬಜಾರದ ಆ ಓಣಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಲಲಿತಾಬಾಯಿಗೆ ಕರೆ ಬರುತ್ತಿತ್ತು. ಬಚ್ಚಲಲ್ಲಿ ಮಣೆ ಹಾಕಿಕೊಂಡು ಕೂತು, ಎರಡೂ ಕಾಲು ನೀಳವಾಗಿ ಚಾಚಿ, ಆ ಕಾಲುಗಳ ನಡುವಿನ ತಗ್ಗಿನಲ್ಲಿ ಕೂಸನ್ನು ಮಲಗಿಸಿ ನೀರೆರೆಯುವುದರಲ್ಲಿ ಆಕೆಯದು ಪಳಗಿದ ಕೈ. ಬಿಸಿನೀರು ಬೆನ್ನಿಗೆ ಬಿದ್ದೊಡನೆ ಕಿರುಚುವ ಕೂಸು, ಆಕೆ ಸಣ್ಣ ದನಿಯಲ್ಲಿ ಶಿವನಾಮ ಹಾಡಲು ಹಿಡಿದರೆ ಕಿವಿಗೊಟ್ಟಂತೆ ಸುಮ್ಮನಾಗುತ್ತಿತ್ತು. ಎದುರುಮನೆಯ ಬಷೀರುನ್ನೀಸಾಳ ಮಕ್ಕಳೆಲ್ಲ ಆ ಕಾಲುಗಳ ಮೇಲೆಯೇ ಮಿಂದು ಬೆಳೆದವರು.

ಓಣಿಯ ಮಕ್ಕಳಿಗೆಲ್ಲ ಎರೆದ ಆ ಕೈಗೆ ಸ್ವಂತ ಮೊಮ್ಮಗಳು ದಕ್ಕಿದ್ದು ಮಾತ್ರ ತಡವಾಗಿ. ಮಗಳು ಮಹಾನಂದಾಳನ್ನು ಕಮಲಾಪುರಕ್ಕೆ ಕೊಟ್ಟು ವರ್ಷಗಳೇ ಉರುಳಿದ್ದವು. ಶರಣಬಸಪ್ಪನ ಗುಡಿಯಲ್ಲಿ ಸಂಜೆಯ ಪುರಾಣ ಕೇಳಿ ಎದ್ದು ಬರುವಾಗಲೆಲ್ಲ ಲಲಿತಾಬಾಯಿ ಬೇಡಿಕೊಂಡದ್ದು ಒಂದೇ. ಈ ವರ್ಷ ಶಿವ ಕಣ್ಣು ತೆರೆದಿದ್ದ. ಹೆಣ್ಣು ಕೂಸು, ಕರಿ ಕೂದಲು, ಗುಂಡು ಕೆನ್ನೆ.

ಅಂಥ ಸುಖದ ಹೊತ್ತಿನಲ್ಲೇ ಆಕೆಗೆ ತಲೆ ತಿರುಗಲು ಶುರುವಾಯಿತು.

ಮೊದಲ ಸಲ ಎರೆದು ಮುಗಿಸಿ, ಕೂಸನ್ನು ಹಳೆಯ ಧೋತರದ ತುಂಡಿನಲ್ಲಿ ಸುತ್ತಿಕೊಂಡು ಮಣೆಯಿಂದ ಏಳುವಾಗ ಬಚ್ಚಲ ಗೋಡೆ ಮೆಲ್ಲನೆ ಸರಿದಂತಾಯಿತು. ಕಣ್ಣಿಗೆ ಕತ್ತಲೆ. ಬೆನ್ನನ್ನು ಗೋಡೆಗೆ ಒತ್ತಿ, ಕೂಸನ್ನು ಎದೆಗೆ ಒತ್ತಿ, ‘ಶಿವನೇ, ಇದೊಂದು ಸಲ’ ಎಂದು ನಿಂತಳು. ಕತ್ತಲೆ ಸರಿಯಿತು. ಹೊರಗೆ ಬಂದು ಕೂಸನ್ನು ಮಗಳ ಪಕ್ಕಕ್ಕೆ ಮಲಗಿಸಿ ಲೋಬಾನದ ಹೊಗೆ ಹಿಡಿದಳು. ಯಾರಿಗೂ ಏನೂ ಹೇಳಲಿಲ್ಲ.

ಹೇಳದಿರಲು ಕಾರಣವಿತ್ತು. ಮಗಳನ್ನು ಹೆರಿಗೆಗೆ ಕರೆತರಲು ಹೋದಾಗ, ಕಮಲಾಪುರದ ಬೀಗತಿ ಕಸ್ತೂರಿಬಾಯಿ ಕಟ್ಟೆಯ ಮೇಲೆ ಕೂತು ಮುಖ ನೋಡದೆಯೇ ಅಂದಿದ್ದಳು: “ಬಾಣಂತನ ಇಲ್ಲೇ ಆಗ್ಲಿ ಬಿಡ್ರಿ ಬೀಗತೇರೆ. ನಿಮಗ ಈಗ ಸಕ್ರಿ ಬ್ಯಾನಿ ಅಂತ. ನಿಮ್ಮನ್ನ ನೋಡ್ಲಾಕ ಒಬ್ಬರು ಬೇಕು. ನೀವು ಬಾಣಂತಿನ್ನ ನೋಡ್ತೀರೇನು?”

“ನನ್ನ ಕಾಲು ಗಟ್ಟಿ ಅವ ರೀ. ಮಗಳ ಬಾಣಂತನ ತವರಿನ ಹಕ್ಕು” ಎಂದು ಲಲಿತಾಬಾಯಿ ಕರೆದುಕೊಂಡು ಬಂದಿದ್ದಳು. ಈಗ ಬವಳಿ ಬರುವ ಸುದ್ದಿ ಆ ಕಿವಿಗೆ ಬಿದ್ದರೆ ಮುಂದಿನ ಬಸ್ಸಿಗೇ ತಾಯಿ, ಕೂಸು ಇಬ್ಬರೂ ಕಮಲಾಪುರದ ದಾರಿ ಹಿಡಿಯುತ್ತಾರೆ. ಆಮೇಲೆ ಎರೆಯುವುದೆಲ್ಲಿ, ಹಾಡುವುದೆಲ್ಲಿ.

ಸಕ್ಕರೆ ಏರಿದ್ದರಿಂದಲೇ ತಲೆ ತಿರುಗುತ್ತದೆ ಎಂದು ಆಕೆ ತನಗೆ ತಾನೇ ತೀರ್ಮಾನ ಮಾಡಿಕೊಂಡಳು. ಏರಿದ್ದನ್ನು ಇಳಿಸಲು ಗೊತ್ತಿದ್ದ ದಾರಿ ಒಂದೇ: ಬಾಯಿ ಕಟ್ಟುವುದು. ಓಣಿಯ ತುದಿಯ ಡಾಕ್ಟರ್ ಖಮರುದ್ದೀನ್ ಗುಳಿಗೆ ಬರೆದುಕೊಟ್ಟಾಗ, “ತೂಕ ಇಳಸ್ರಿ ಬಾಯಿ, ಅನ್ನ ಕಮ್ಮಿ ಮಾಡ್ರಿ, ಸಿಹಿ ಬಿಡ್ರಿ” ಎಂದಿದ್ದರು. ಆಕೆ ಅನ್ನ ಬಿಟ್ಟಳು, ಸಿಹಿ ಬಿಟ್ಟಳು, ಡಾಕ್ಟರು ಬಿಡು ಎನ್ನದ ರೊಟ್ಟಿಯನ್ನೂ ಅರ್ಧಕ್ಕೆ ಇಳಿಸಿದಳು. ರಾತ್ರಿಗೆ ಒಂದು ಬಟ್ಟಲು ಮಜ್ಜಿಗೆ. ಕುಪ್ಪಸ ಜೋತುಬಿತ್ತು, ಬಳೆ ಮೊಣಕೈವರೆಗೆ ಜಾರತೊಡಗಿತು.

“ನಾ ನಿನ್ನ ಲಗ್ನ ಮಾಡ್ಕೊಂಡು ಬಂದಾಗ ಹಿಂಗೇ ಇದ್ದಿ ನೋಡು” ಎಂದು ಗಂಡ ಗುರುಲಿಂಗಪ್ಪ ನಕ್ಕ.

“ಆವಾಗ ನಿಮ್ಮವ್ವ ಉಣ್ಲಾಕ ಹಾಕ್ತಿದ್ದಿಲ್ಲ. ಈಗ ಡಾಕ್ಟರ್ ಹಾಕಗೊಡಂಗಿಲ್ಲ” ಎಂದಳು ಲಲಿತಾಬಾಯಿ.

ಗುಳಿಗೆಯ ವಿಷಯದಲ್ಲಿಯೂ ಆಕೆಯದು ನಿಷ್ಠೆಯೇ. ಊಟಕ್ಕೆ ಮೊದಲು ನುಂಗಬೇಕು ಎಂದಿದ್ದರು ಡಾಕ್ಟರು. ಆಕೆ ಬೆಳಗ್ಗೆ ಎದ್ದು ಬಾಯಿ ತೊಳೆದವಳೇ ನುಂಗುತ್ತಿದ್ದಳು. ಔಷಧಿ ಅನ್ನವಲ್ಲ, ಅದಕ್ಕೆ ಪೂಜೆಯ ತಡೆಯಿಲ್ಲ. ಊಟ ಮಾತ್ರ ಲಿಂಗಪೂಜೆಯಾಗದೆ ಇಲ್ಲ; ಲಿಂಗಧಾರಣೆಯಾದ ದಿನದಿಂದ ನಡೆದುಬಂದ ನೇಮ ಅದು. ಮೊದಲೆಲ್ಲ ಗುಳಿಗೆ, ಸ್ನಾನ, ಪೂಜೆ, ರೊಟ್ಟಿ ಒಂದರ ಬಾಲ ಒಂದು ಹಿಡಿದುಕೊಂಡು ಬರುತ್ತಿದ್ದವು. ಈಗ ನಡುವೆ ಬಾಣಂತನ ಬಂದು ಕೂತಿತ್ತು. ಒಲೆ ಹೊತ್ತಿಸಬೇಕು, ಹಂಡೆ ಕಾಯಬೇಕು, ಕೂಸಿಗೆ ಎಣ್ಣೆ ತಿಕ್ಕಬೇಕು, ಎರೆಯಬೇಕು, ಮಲಗಿಸಬೇಕು. ಆಮೇಲೆ ಮಗಳಿಗೆ ಎರೆಯಬೇಕು. ಅಷ್ಟಾಗುವಾಗ ಸೀರೆಗೆಲ್ಲ ಎಣ್ಣೆ, ಉಚ್ಚೆ. ಹಾಗೆ ಪೂಜೆಗೆ ಕೂರುವುದುಂಟೆ? ಹಾಗಾಗಿ ತನ್ನ ಸ್ನಾನ ಎಲ್ಲರ ನಂತರ, ಪೂಜೆ ಸ್ನಾನದ ನಂತರ, ರೊಟ್ಟಿ ಪೂಜೆಯ ನಂತರ. ಬಿಸಿಲು ಮಾಳಿಗೆ ಏರಿ ಕೂತ ಮೇಲೆ ಆಕೆಯ ಬಾಯಿಗೆ ಮೊದಲ ತುತ್ತು. ಊಟಕ್ಕೆ ಎಷ್ಟು ಮೊದಲು ಎಂದು ಡಾಕ್ಟರು ಹೇಳಿರಲಿಲ್ಲ, ಆಕೆ ಕೇಳಿರಲಿಲ್ಲ.

ಒಂದು ದಿನ ಬೆಳಗಿನ ಬಸ್ಸಿಗೆ ಕಸ್ತೂರಿಬಾಯಿ ಹೇಳದೆ ಕೇಳದೆ ಬಂದಿಳಿದಳು. ಬಗಲಲ್ಲಿ ತುಪ್ಪದ ಡಬ್ಬಿ, ಕೈಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣಿನ ಚಿಪ್ಪು.

“ಕೂಸಿನ ನೀರು ಆತೇನು?” ಎಂದಳು, ಚಪ್ಪಲಿ ಬಿಡುತ್ತಲೇ.

“ಈಗ ಕುಂತೀನ್ರಿ” ಎಂದು ಬಚ್ಚಲಿನಿಂದ ಲಲಿತಾಬಾಯಿಯ ದನಿ ಬಂತು.

ಕಸ್ತೂರಿಬಾಯಿ ಬಚ್ಚಲ ಬಾಗಿಲಿಗೇ ಒಂದು ಮಣೆ ಎಳೆದುಕೊಂಡು ಕೂತಳು. ಲಲಿತಾಬಾಯಿ ಹಾಡು ತೆಗೆದಳು. ಎಂದಿಗಿಂತ ಚೆನ್ನಾಗಿ ಎರೆದಳು. ಕಿವಿಯ ಹಿಂದೆ, ಕಂಕುಳ ಸಂದು, ಒಂದನ್ನೂ ಬಿಡಲಿಲ್ಲ. ಕೂಸು ಕಣ್ಣು ಅರೆಮುಚ್ಚಿ ಕಾಲ ಮೇಲೆಯೇ ನಿದ್ದೆಗೆ ಜಾರಿತು. ಇನ್ನು ಎದ್ದರೆ ಸಾಕು, ಮುಗಿಯಿತು.

ಎದ್ದಳು. ಗೋಡೆ ಸರಿಯಿತು. ಈ ಸಲ ಅದು ಮರಳಿ ಬರಲಿಲ್ಲ.

“ಕೂಸು ಕೊಡ್ರಿ ಇಲ್ಲೆ” ಎನ್ನುತ್ತ ಕಸ್ತೂರಿಬಾಯಿ ಬಾಗಿಲಿಂದಲೇ ಎರಡೂ ಕೈ ಚಾಚಿ ಕೂಸನ್ನು ಹಿಡಿದಳು. ಲಲಿತಾಬಾಯಿ ಗೋಡೆಗುಂಟ ಜಾರಿ ಕುಸಿದು ಕೂತಳು. ಹಣೆಯ ಮೇಲೆ ತಣ್ಣನೆಯ ಬೆವರು ಸಾಲುಗಟ್ಟಿತ್ತು. ಕೈ ಗಡಗಡ ನಡುಗುತ್ತಿತ್ತು.

ಕಸ್ತೂರಿಬಾಯಿ ಕೂಸನ್ನು ಮಹಾನಂದಾಳ ಮಡಿಲಿಗೆ ಹಾಕಿ, ಅಡುಗೆಮನೆಗೆ ಹೋಗಿ ಸಕ್ಕರೆ ಡಬ್ಬಿ ಹಿಡಿದುಕೊಂಡೇ ಬಂದಳು. “ನಮ್ಮ ಮನಿಯವರಿಗೂ ಹಿಂಗೇ ಆಗ್ತಿತ್ತು. ಬಾಯಿ ತಗೀರಿ.”

ಅವಳ ಗಂಡ ಅಣವೀರಪ್ಪ ಇದೇ ಸಕ್ಕರೆ ಬೇನೆಯಲ್ಲಿ ವರ್ಷಗಟ್ಟಲೆ ನರಳಿ ತೀರಿಕೊಂಡಿದ್ದ. ಅದು ಲಲಿತಾಬಾಯಿಗೂ ಗೊತ್ತಿತ್ತು. ಆದರೂ ತುಟಿ ಬಿಗಿಹಿಡಿದು ತಲೆ ಅಲ್ಲಾಡಿಸಿದಳು.

“ಸಕ್ರಿ ನನಗ ವಿಷ ರೀ.”

“ಈಗ ಅದೇ ಅಮೃತ. ಸಕ್ರಿ ಏರಿಲ್ಲ ನಿಮಗ, ಇಳದದ. ತಗೀರಿ ಬಾಯಿ.”

“ಪೂಜಾ ಆಗಿಲ್ಲ.”

ಆ ಮಾತಿಗೆ ಕಸ್ತೂರಿಬಾಯಿಯ ಕೈ ತಡೆಯಿತು. ಅವಳೂ ಕೊರಳಲ್ಲಿ ಲಿಂಗ ಕಟ್ಟಿಕೊಂಡವಳೇ. ಇನ್ನೊಬ್ಬರ ಲಿಂಗವನ್ನು ಮುಟ್ಟಬಾರದು, ನೇಮ ಮುರಿಯಿರಿ ಎಂದು ಬಾಯಿಬಿಟ್ಟು ಹೇಳಲೂಬಾರದು. ಹಾಗೆಂದು ಎದುರಿಗೆ ಕೂತ ಜೀವ ಬೆವರಿನಲ್ಲಿ ಕರಗುವುದನ್ನು ನೋಡುತ್ತ ಇರಲೂ ಆಗದು. ಹಸಿ ನೆಲ ಎಂದೂ ನೋಡದೆ ಪಕ್ಕದಲ್ಲಿ ಕೂತಳು. ಹಂಡೆಯ ನೀರನ್ನು ಬೊಗಸೆಯಲ್ಲಿ ತೆಗೆದು ಲಲಿತಾಬಾಯಿಯ ಕೈ ತೊಳೆದಳು, ತನ್ನ ಸೆರಗಿನಿಂದ ಒರೆಸಿದಳು.

“ಕೊರಳಾಗ ಅದಾನಲ್ಲ, ಅವನ್ನ ಕೈಗೆ ತಗೋರಿ. ಇಲ್ಲೇ ಪೂಜಾ ಮಾಡ್ರಿ.”

“ಬಚ್ಚಲದಾಗ?”

“ಕೂಸು ಉಚ್ಚಿ ಹೊಯ್ದಿದ್ದು ಅವಂಗೇನು ಹೊಸಾದಲ್ಲ. ಅವನೇ ಕೊಟ್ಟಾನಲ್ಲ ಅದನ್ನ.”

ಲಲಿತಾಬಾಯಿ ನಡುಗುವ ಬೆರಳುಗಳಿಂದ ಕರಡಿಗೆ ತೆರೆದು ಲಿಂಗವನ್ನು ಎಡ ಅಂಗೈಗೆ ಇಳಿಸಿದಳು. ಅಂಗೈ ತುಯ್ದಾಡಿತು. ಕಸ್ತೂರಿಬಾಯಿ ಲಿಂಗಕ್ಕೆ ಸೋಕದಂತೆ ಮುಂಗೈಯನ್ನು ಕೆಳಗಿನಿಂದ ಹಿಡಿದು ನಿಲ್ಲಿಸಿದಳು. ತನ್ನ ಹಣೆಯ ವಿಭೂತಿಯನ್ನೇ ಬೆರಳಿಂದ ಒರೆಸಿ ಆಕೆಯ ಹಣೆಗೆ ಹಚ್ಚಿದಳು. ಹೂವಿಲ್ಲ, ಪತ್ರೆಯಿಲ್ಲ, ಕಣ್ಣು ಮುಚ್ಚಿ ಒಂದು ಉಸಿರಿನಷ್ಟು ನಾಮ. ಸಕ್ಕರೆಯನ್ನು ಲಿಂಗಕ್ಕೆ ತೋರಿಸಿದರು.

“ಆತು. ಇನ್ನ ಇದು ಸಕ್ರಿ ಅಲ್ಲ, ಪ್ರಸಾದ. ಬ್ಯಾಡ ಅನ್ಲಾಕ ಬರಂಗಿಲ್ಲ.”

ಲಲಿತಾಬಾಯಿ ಬಾಯಿ ತೆರೆದಳು. ಒಂದು ಚಮಚ, ಇನ್ನೊಂದು ಚಮಚ, ಮೇಲೆ ನೀರು. ತುಸು ಹೊತ್ತಿಗೆ ಗೋಡೆ ತನ್ನ ಜಾಗಕ್ಕೆ ಬಂದು ನಿಂತಿತು, ಬೆವರು ಆರಿತು. ಆಗ ಕಸ್ತೂರಿಬಾಯಿ ಆಕೆಯನ್ನು ಎಬ್ಬಿಸಿ ಒಳಗೆ ಕರೆದೊಯ್ದು ರೊಟ್ಟಿ ಪಲ್ಯ ಉಣ್ಣಿಸಿದಳು, ಉಂಡು ಮುಗಿಯುವವರೆಗೂ ಎದುರಿಗೆ ಕೂತಳು. ಆಮೇಲೆ ತಾನೇ ಡಾಕ್ಟರ ಬಳಿ ಕರೆದುಕೊಂಡು ಹೋದಳು.

ಡಾಕ್ಟರ್ ಖಮರುದ್ದೀನ್ ರಕ್ತ ನೋಡಿ, ತೂಕ ನೋಡಿ, ಬೆಳಗಿನ ಕತೆಯನ್ನೆಲ್ಲ ಕೇಳಿ ಹಣೆಗೆ ಕೈ ಹಚ್ಚಿಕೊಂಡರು.

“ಊಟಕ್ಕ ಮೊದ್ಲು ಅಂದ್ರ, ರೊಟ್ಟಿ ತಾಟಿನಾಗ ಬರೂ ಹೊತ್ತಿಗೆ ಬಾಯಿ. ಹಂಡೆ ಕಾಯ್ಲಾಕ ಇಡೋ ಹೊತ್ತಿಗಲ್ಲ. ಗೋಲಿ ಒಳಗ ಹೋಗಿ ತನ್ನ ಕೆಲಸ ಶುರು ಮಾಡ್ತದ. ಹೊಟ್ಟ್ಯಾಗ ಏನೂ ಇಲ್ಲ ಅಂದ್ರ ಇದ್ದ ಸಕ್ಕರೀನೂ ಇಳಸ್ತದ. ಅದಕ್ಕೇ ಈ ಚಕ್ಕರ್.” ಆಮೇಲೆ ದನಿ ಇಳಿಸಿದರು. “ನಂದೂ ಗಲತಿ ಅದ. ಬಿಡಿಸಿ ಹೇಳಬೇಕಿತ್ತು. ಇಷ್ಟು ತೂಕ ಇಳದ ಮ್ಯಾಲ ನಿಮಗ ಅಷ್ಟು ಗೋಲಿನೂ ಬೇಕಾಗಿಲ್ಲ.” ಗುಳಿಗೆಯನ್ನು ಅರ್ಧಕ್ಕಿಳಿಸಿದರು. ಬಿಟ್ಟ ರೊಟ್ಟಿ ಮತ್ತೆ ಹಿಡಿಯಬೇಕು, ಕೂತಲ್ಲಿಂದ ದಡಕ್ಕನೆ ಏಳಬಾರದು, ತಲೆ ತಿರುಗಿದರೆ ಮೊದಲು ಸಕ್ಕರೆ ಬಾಯಿಗೆ, ಆಮೇಲೆ ತನ್ನ ಕಡೆ ಬರಬೇಕು ಎಂದರು. “ಮತ್ತ ಕೂಸಿನ್ನ ಎತಗೊಂಡು ಏಳೂದು ಸದ್ಯಕ್ಕ ಬ್ಯಾಡ.”

ಕೊನೆಯ ಮಾತು ಲಲಿತಾಬಾಯಿಯ ಎದೆಗೆ ನಾಟಿತು. ಮನೆಗೆ ಬಂದವಳೇ ಯಾರೂ ಹೇಳುವ ಮೊದಲೇ ಕೂಸಿನ ಕುಲಾಯಿ, ಅಂಗಿ, ಧೋತರದ ತುಂಡುಗಳನ್ನು ಒಂದೊಂದಾಗಿ ಮಡಚಿ ಚೀಲಕ್ಕೆ ಹಾಕತೊಡಗಿದಳು.

“ಇದೇನು ನಡಿಸೀರಿ?” ಎಂದಳು ಕಸ್ತೂರಿಬಾಯಿ.

“ಕರಕೊಂಡು ಹೋಗ್ರಿ. ನಾ ನಿಮ್ಮಿಂದ ಮುಚ್ಚಿಟ್ಟೀನಿ. ಇವತ್ತ ನೀವು ಬಾಗಲದಾಗ ಇರದಿದ್ರ...” ಕೈ ಮಡಚುತ್ತಲೇ ಇತ್ತು. “ನನ್ನ ಆಸೆ ಕೂಸಿಗಿಂತ ದೊಡ್ಡದಲ್ಲ ರೀ.”

ಕಸ್ತೂರಿಬಾಯಿ ಚೀಲವನ್ನು ತನ್ನ ಕಡೆ ಎಳೆದುಕೊಂಡಳು. ಸ್ವಲ್ಪ ಹೊತ್ತು ಅದರ ಬಾಯಿಯ ದಾರ ಬಿಚ್ಚುತ್ತ, ಕಟ್ಟುತ್ತ ಕೂತಳು.

“ಕರಕೊಂಡು ಹೋಗಿ ಯಾರು ಎರೀಬೇಕ್ರಿ ಅಲ್ಲಿ? ನನಗ ಎರಿಲಾಕ ಬರಂಗಿಲ್ಲ.”

ಲಲಿತಾಬಾಯಿ ತಲೆಯೆತ್ತಿ ನೋಡಿದಳು.

“ನನ್ನ ಮಕ್ಕಳಿಗೆಲ್ಲ ನಮ್ಮತ್ತಿನೇ ಎರದಾಳ. ನನ್ನ ಕೈಯಾಗ ಕೂಸು ಜಾರ್ತದ ಅಂತ ಬಚ್ಚಲದ ಕಡಿಗೂ ಬಿಡ್ತಿದ್ದಿಲ್ಲ. ಕಮಲಾಪುರದಾಗೇ ಆಗ್ಲಿ ಅಂದಿದ್ದು ನನಗ ಬರ್ತದ ಅಂತ ಅಲ್ಲ. ಮೊಮ್ಮಗಳನ್ನ ಕಣ್ಣು ತುಂಬ ನೋಡ್ಬೇಕಾಗಿತ್ತು. ಅದನ್ನ ಕೇಳ್ಲಾಕ ಮಾನ ಅಡ್ಡ ಬಂತು, ನಿಮ್ಮ ಬ್ಯಾನಿ ಮುಂದ ಮಾಡ್ದೆ.” ಕಣ್ಣೊರೆಸಿಕೊಂಡು, ದನಿ ಗಡುಸು ಮಾಡಿಕೊಂಡಳು. “ನಿಮಗ ಏಳ್ಲಾಕ ಬರಂಗಿಲ್ಲ, ನನಗ ಎರಿಲಾಕ ಬರಂಗಿಲ್ಲ. ಇಬ್ಬರೂ ಕೂಡಿದ್ರ ಒಂದು ಮುದುಕಿ ಆಗ್ತದ.”

ಒಳಗಿನ ಕೋಣೆಯಿಂದ ಮಹಾನಂದಾ ನಕ್ಕದ್ದು ಕೇಳಿಸಿತು.

ಗುರುಲಿಂಗಪ್ಪ ಎಸ್‌ಟಿಡಿ ಬೂತಿಗೆ ಹೋಗಿ, ಬೀಗತಿ ಬಾಣಂತನ ಮುಗಿಯುವವರೆಗೆ ಇಲ್ಲಿಯೇ ಉಳಿಯುತ್ತಾರೆ ಎಂದು ಕಮಲಾಪುರಕ್ಕೆ ಸುದ್ದಿ ಮುಟ್ಟಿಸಿ ಬಂದ. ಮರುದಿನದಿಂದ ಮನೆಯ ಬೆಳಗೇ ಬದಲಾಯಿತು. ಲಲಿತಾಬಾಯಿ ಎಲ್ಲರಿಗಿಂತ ಮೊದಲು ಮಿಂದು ಪೂಜೆಗೆ ಕೂರುವುದು. ಅಷ್ಟರಲ್ಲಿ ಕಸ್ತೂರಿಬಾಯಿ ರೊಟ್ಟಿ ಬಡಿಯುವುದು. ರೊಟ್ಟಿ ತಾಟಿಗೆ ಬಂದಾಗ ಅರ್ಧ ಗುಳಿಗೆ, ಗುಳಿಗೆಯ ಹಿಂದೆಯೇ ಊಟ. ಎರೆದಾದ ಮೇಲೆ ಮತ್ತೆ ಒಂದು ತಂಬಿಗೆ ಮೈಮೇಲೆ ಸುರಿದುಕೊಂಡರೆ ಆಯಿತು. ಲಿಂಗಪೂಜೆ ತಪ್ಪಲಿಲ್ಲ, ಸರದಿ ಬದಲಾಯಿತು ಅಷ್ಟೆ.

ತೊಟ್ಟಿಲ ಕೂಸು ಬೋರಲು ಬೀಳುವ ಹೊತ್ತಿಗೆ ಮಹಾನಂದಾ ಗಂಡನ ಮನೆಗೆ ಹೊರಟಳು. ಬಸ್ಸಿನಲ್ಲಿ ಅವಳ ಒಂದು ಪಕ್ಕಕ್ಕೆ ಅತ್ತೆ, ಇನ್ನೊಂದು ಪಕ್ಕಕ್ಕೆ ತಾಯಿ. ಮಗಳ ಮನೆಯಲ್ಲಿ ಉಳಿಯಲು ಲಲಿತಾಬಾಯಿ ಸಂಕೋಚಪಟ್ಟಾಗ ಕಸ್ತೂರಿಬಾಯಿ ಒಂದೇ ಮಾತಿನಲ್ಲಿ ತೀರಿಸಿಬಿಟ್ಟಿದ್ದಳು: “ನೀವು ಮಗಳ ಮನಿಗೆ ಬರಾಕತ್ತಿಲ್ಲ. ನನ್ನ ಮನಿಗೆ ಬರಾಕತ್ತೀರಿ.”

ಕಮಲಾಪುರದಲ್ಲಿ ಮೊದಲ ಬೆಳಗು. ಹಂಡೆ ಕುದಿಯುತ್ತಿತ್ತು. ಕೂಸು ಎಣ್ಣೆ ಹಚ್ಚಿಸಿಕೊಂಡು ಅಪ್ಪನ ತೋಳಲ್ಲಿ ಕೈಕಾಲು ಬಡಿಯುತ್ತಿತ್ತು. “ನೀರು ಆರ್ತದ, ಎಲ್ಲಿ ಹೋಗ್ಯಾರ?” ಎಂದು ಅವನು ಕೂಗಿದ.

“ತಡಿ, ಎರೆಯಾಕಿ ಉಣ್ಣಾಕತ್ತಾಳ” ಎಂದಳು ಕಸ್ತೂರಿಬಾಯಿ ಅಡುಗೆಮನೆಯಿಂದ. “ನೀರು ಆರಿದ್ರ ಮತ್ತ ಕಾಯಸೂಣು.”

ಲಲಿತಾಬಾಯಿ ಅವಸರವಿಲ್ಲದೆ ಉಂಡಳು, ಕೈ ತೊಳೆದಳು, ಬಚ್ಚಲಿಗೆ ಹೋಗಿ ಕಾಲು ಚಾಚಿ ಕೂತಳು. ಹಾಡು ಮುಗಿದಾಗ ಮೇಲಿನಿಂದ ಕಸ್ತೂರಿಬಾಯಿಯ ಎರಡು ಕೈ ಬಂದು ಕೂಸನ್ನು ಎತ್ತಿಕೊಂಡವು. ಎದ್ದು ನಿಲ್ಲುವ ಗಡಿಬಿಡಿ ಇರಲಿಲ್ಲ. ಖಾಲಿಯಾದ ಕಾಲುಗಳ ಮೇಲೆ ಉಳಿದ ಬಿಸಿನೀರನ್ನು ಸುರಿದುಕೊಳ್ಳುತ್ತ ಆಕೆ ಅಲ್ಲಿಯೇ ಕೂತಳು.